ನೆನೆದರೆ ಮಾಯವಾಗುವ ಬಿಳುಪು

ಸಕಲೇಶಪುರದ ಕಡೆ ಸುಣ್ಣ ಬಳಿದ ಹಳೆಯ ಗೋಡೆಯನ್ನು ಮಳೆಗಾಲದಲ್ಲಿ ನೋಡಬೇಕು. ಇರಚಲು ಹೊಡೆದ ಕಡೆಯೆಲ್ಲ ಬಿಳುಪು ಮಾಯವಾಗಿ ಒಳಗಿನ ಮಣ್ಣಿನ ಬಣ್ಣ ಇಣುಕುತ್ತದೆ. ಸುಣ್ಣವೆಲ್ಲ ತೊಳೆದುಹೋಯಿತೆಂದು ಬೇಸರಪಟ್ಟುಕೊಂಡರೆ, ನಾಲ್ಕು ದಿನ ಬಿಸಿಲು ಕಂಡ ಮೇಲೆ ಅದೇ ಗೋಡೆ ಮತ್ತೆ ಬೆಳ್ಳಗೆ. ಹಬ್ಬದ ಮುಂಚೆ ಸುಣ್ಣ ಬಳಿದವರಿಗೆ ಇದು ಹೊಸದಲ್ಲ: ಹಸಿ ಇರುವಾಗ ನೀರು ಸವರಿದಂತೆ ಕಾಣುವ ಗೋಡೆ ಒಣಗುತ್ತ ಒಣಗುತ್ತ ಬಿಳಿಯಾಗುತ್ತದೆ.

ಬೆಳಕು ಎಲ್ಲ ದಿಕ್ಕಿಗೂ ಚದುರಿದಾಗ ನಮಗೆ ಕಾಣುವುದೇ ಬಿಳುಪು. ವಸ್ತುವೊಂದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ ವಕ್ರೀಭವನ ಸೂಚ್ಯಂಕ. ಎರಡು ವಸ್ತುಗಳ ಸೂಚ್ಯಂಕದಲ್ಲಿ ಅಂತರ ಹೆಚ್ಚಿದಷ್ಟೂ ಚದುರುವಿಕೆ ಹೆಚ್ಚು. ಗಾಳಿಯದು 1, ನೀರಿನದು 1.33, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾದ ಸುಣ್ಣದ್ದು ಸುಮಾರು 1.6. ಕಣಗಳ ಸಂದಿಯಲ್ಲಿ ಗಾಳಿಯಿದ್ದರೆ ಅಂತರ 0.6, ನೀರು ಹೊಕ್ಕರೆ ಅದರ ಅರ್ಧವೂ ಉಳಿಯುವುದಿಲ್ಲ.

ಹಾಸನದ ಬಣ್ಣದ ಅಂಗಡಿಯಲ್ಲಿ ಸಿಗುವ ಎಮಲ್ಷನ್‌ನಲ್ಲಿ ಕಣಗಳನ್ನು ಹಿಡಿದಿಡುವ ಅಂಟಿನ ಸೂಚ್ಯಂಕ ಸುಮಾರು 1.5. ಸುಣ್ಣದ ಪುಡಿಯನ್ನಷ್ಟೇ ಅದರಲ್ಲಿ ಮುಳುಗಿಸಿದರೆ ಗೋಡೆ ಮುಚ್ಚುವುದೇ ಇಲ್ಲ. ಅಲ್ಲಿ ಬೇಕಾಗುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ರುಟೈಲ್ ಎಂಬ ಇದರ ಹರಳು ರೂಪದ ಸೂಚ್ಯಂಕ ಸುಮಾರು 2.7, ವಜ್ರದ್ದೇ 2.4! ಜಗತ್ತಿನಲ್ಲಿ ಈ ಪುಡಿಯನ್ನು ಅತಿ ಹೆಚ್ಚು ಬಳಸುವುದು ಬಣ್ಣದ ಉದ್ಯಮ. ನಾವು ಬಣ್ಣ ಕೊಂಡೆವು ಎನ್ನುತ್ತೇವೆ. ತಿಳಿ ಬಣ್ಣವಾದರೆ ಹೆಚ್ಚಿನ ದುಡ್ಡು ಕೊಟ್ಟಿರುವುದು ಬಿಳುಪಿಗೆ. ಅಂಗಡಿಯ ಯಂತ್ರ ಅದಕ್ಕೆ ಬೆರೆಸುವ ಹಳದಿಯೋ ಹಸಿರೋ ಕೆಲವೇ ತೊಟ್ಟು.

ಡಬ್ಬಿಯ ಬೆಲೆ ಹಾಸನದಲ್ಲಿ ನಿರ್ಧಾರವಾಗದಿರುವುದೂ ಇದರಿಂದಲೇ. ಟೈಟಾನಿಯಂ ಬರುವುದು ಕೇರಳದ ಚವರದಂಥ ಕಡಲತೀರಗಳ ಕಪ್ಪು ಮರಳಿನಲ್ಲಿರುವ ಇಲ್ಮೆನೈಟ್ ಎಂಬ ಖನಿಜದಿಂದ. ಪುಡಿಯನ್ನು ಅತಿ ಹೆಚ್ಚು ತಯಾರಿಸುವ ದೇಶ ಚೀನಾ. ಅಂಟಿನ ಮೂಲ ಕಚ್ಚಾತೈಲ. ಹೀಗಾಗಿ ಕೊಲ್ಲಿಯಲ್ಲಿ ಯುದ್ಧದ ಸುದ್ದಿ ಬಂದರೆ ಚಿಕ್ಕಮಗಳೂರಿನ ಗೃಹಪ್ರವೇಶದ ಲೆಕ್ಕವೂ ಏರುಪೇರಾಗಬಹುದು.

ಬೇಡಿಕೆಯ ಮಾತು ಬಂದಾಗ ಏಳುತ್ತಿರುವ ಹೊಸ ಬಡಾವಣೆಗಳೇ ಕಣ್ಣಿಗೆ ಬೀಳುತ್ತವೆ. ಆದರೆ ನಮ್ಮ ದೇಶದಲ್ಲಿ ಮನೆಬಣ್ಣದ ಬಹುಪಾಲು ಹೋಗುವುದು ಹಿಂದೊಮ್ಮೆ ಬಳಿದ ಗೋಡೆಗಳಿಗೇ. ಮಳೆ ನಿಂತು ದೀಪಾವಳಿ ಹತ್ತಿರವಾದಾಗ ವ್ಯಾಪಾರ ಕುದುರುತ್ತದೆ. ಆಷಾಢದಲ್ಲಿ ಮಲೆನಾಡಿನ ಪೇಂಟರ್ ಹೊರಗೋಡೆಗೆ ಬ್ರಷ್ ಮುಟ್ಟಿಸುವುದಿಲ್ಲ.

ಇನ್ನು ಪಾಚಿ. ಹೊಸ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಅದು ಬೇರೂರದು. ಎಮಲ್ಷನ್‌ಗೆ ಆ ಗುಣವಿಲ್ಲದ್ದರಿಂದ ಪಾಚಿನಾಶಕ ಬೆರೆಸುತ್ತಾರೆ. ಮಳೆ ಅದನ್ನು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ತೊಳೆದೊಯ್ಯುತ್ತದೆ. ಬಿಸಿಲು ಕಾಣದ ಬಡಗಣ ಗೋಡೆ ಮೊದಲು ಹಸಿರಾಗುತ್ತದೆ, ಮನೆಯವರು ಮತ್ತೆ ಹಾಸನದ ಅಂಗಡಿಯ ಮುಂದೆ ನಿಂತಿರುತ್ತಾರೆ.