ಮೀನಿನ ಮೂಳೆಗೆ ಬ್ಲೀಚ್ ಬೇಡ

ಮೀನಿನ ಅಸ್ಥಿಪಂಜರ ಜೋಡಿಸುವ ಹವ್ಯಾಸಕ್ಕೆ ಕೈಹಾಕಿದವರು ಮೊದಲು ಹುಡುಕುವುದು ಬ್ಲೀಚ್ ಬಾಟಲಿಯನ್ನು. ಮೂಳೆಯೆಂದರೆ ಬರೀ ಸುಣ್ಣ, ಬೆಳ್ಳಗಾದರೆ ಶುದ್ಧ ಎಂಬ ನಂಬಿಕೆ. ಎರಡೂ ಸುಳ್ಳು. ಆರ್‌ಸಿಸಿ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಇರುವ ಹಾಗೆ ಮೂಳೆಯ ಖನಿಜದೊಳಗೆ ಕೊಲಾಜೆನ್ ಎಂಬ ಪ್ರೋಟೀನಿನ ನಾರು ಹೆಣೆದಿರುತ್ತದೆ. ಬ್ಲೀಚು ಕರಗಿಸುವುದು ಈ ಸರಳನ್ನೇ. ಒಣಗಿದ ಮೇಲೆ ಉಗುರು ತಾಗಿದರೂ ಪುಡಿ ಉದುರುತ್ತದೆ. ಗಳಗಳ ಕುದಿಸುವುದೂ ಇದೇ ಜಾತಿಯ ತಪ್ಪು: ಕೊಲಾಜೆನ್ ಜೆಲಾಟಿನ್ ಆಗಿ ನೀರಿಗಿಳಿಯುತ್ತದೆ.

ಕಲಿಯಲು ರೋಹು ತಲೆ ಒಳ್ಳೆಯದು. ಅಗ್ಗ, ಮೂಳೆಗಳೂ ದೊಡ್ಡವು. ಕುದಿ ನಿಂತ ನೀರಿನಲ್ಲಿ ಐದಾರು ನಿಮಿಷ ಅದ್ದಿ, ಚಿಮಟ, ಮೆದು ಟೂತ್‌ಬ್ರಷ್ ಹಿಡಿದು ಮಾಂಸ ಬಿಡಿಸಿ. ಬಾರದಿದ್ದರೆ ಮತ್ತೆ ಅದ್ದಿ, ಎಳೆಯಬೇಡಿ. ತಲೆಯೊಂದರಲ್ಲೇ ನೂರರ ಆಸುಪಾಸು ಮೂಳೆಗಳಿವೆ. ಕಳಚಿದ ಹಾಗೇ ಫೋಟೊ ತೆಗೆದು, ಎಡಕ್ಕೊಂದು ಬಲಕ್ಕೊಂದು ತಟ್ಟೆ ಇಟ್ಟುಕೊಳ್ಳಿ. ಕಿವಿರಿನ ಕೊನೆಯ ಕಮಾನನ್ನು ಕಸಕ್ಕೆ ಎಸೆದೀರಿ, ಜೋಕೆ! ರೋಹುವಿನ ದವಡೆಯಲ್ಲಿ ಹಲ್ಲಿಲ್ಲ. ಇರುವ ಹಲ್ಲೆಲ್ಲ ಗಂಟಲಲ್ಲಿ, ಆ ಕಮಾನಿನ ಮೇಲೆ ಮೂರು ಸಾಲಾಗಿವೆ.

ಇನ್ನೊಂದು ಸೋಜಿಗ ತಲೆಯ ಹಿಂದೆಯೇ ಇದೆ. ಬೆನ್ನೆಲುಬಿನ ಮೊದಲ ಮಣಿಗಳ ಪಕ್ಕದಲ್ಲಿ ಪುಟ್ಟ ಮೂಳೆಗಳ ಸಾಲೊಂದಿದ್ದು, ಗಾಳಿಚೀಲದ ಕಂಪನವನ್ನು ಒಳಕಿವಿಗೆ ಮುಟ್ಟಿಸುತ್ತದೆ. ಜರ್ಮನಿಯ ಎರ್ನ್ಸ್ಟ್ ಹೈನ್ರಿಶ್ ವೆಬರ್ 1820ರಲ್ಲೇ ಇದನ್ನು ವಿವರಿಸಿದ್ದ. ಮೀನಂಗಡಿಯ ಕತ್ತಿ ಬೀಳುವುದು ಸರಿಯಾಗಿ ಅಲ್ಲೇ! ಎರಡಂಗುಲ ಹಿಂದೆ ಕತ್ತರಿಸಲು ಮೊದಲೇ ಹೇಳಬೇಕು.

ಆಮೇಲೆ ಜಿಡ್ಡು. ಅವಸರ ಮಾಡುವವರು ಸೋಲುವುದು ಇಲ್ಲಿ. ಕೊಬ್ಬು ಮೂಳೆಯ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ್ದು ತಿಂಗಳುಗಟ್ಟಲೆ ಹೊರಗೆ ಜಿನುಗುತ್ತದೆ. ಬಿಳುಪು ಮಾಡಿದ ತಲೆಯೂ ಹಳದಿಗಟ್ಟಿ ನಾರುತ್ತದೆ. ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ವಾರ ನೆನೆಸಿ, ಕಲಕಾದಾಗಲೆಲ್ಲ ನೀರು ಬದಲಿಸಿ. ನಂತರ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ದಿನ ಸಾಕು. ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು 6% ಆದರೆ ಅಷ್ಟೇ ನೀರು ಸೇರಿಸಿ. ಮುಚ್ಚಳ ಬಿಗಿಯಬೇಡಿ, ಒಳಗೆ ಆಮ್ಲಜನಕ ಹುಟ್ಟಿ ಒತ್ತಡ ಏರುತ್ತದೆ. ಒಣಗಿಸುವುದು ನೆರಳಲ್ಲೇ. ಬಿಸಿಲಿಗೆ ತೆಳು ಮೂಳೆ ಬಾಗಿದರೆ ಜೋಡಿ ಕೂಡುವುದಿಲ್ಲ.

ಅಂಟಿಗೆ ಫೆವಿಕಾಲ್ ಸಾಕು. ತಪ್ಪಾದರೆ ಬೆಚ್ಚನೆ ನೀರು ತಾಗಿಸಿ ಬಿಡಿಸಬಹುದು, ಫೆವಿಕ್ವಿಕ್ ಆದರೆ ಆ ದಾರಿಯಿಲ್ಲ. ಮೆದುಳುಕವಚದಿಂದ ಶುರುಮಾಡಿ ದವಡೆಗೆ ಬನ್ನಿ. ಕಿವಿರಿನ ಮುಚ್ಚಳ ಕೊನೆಗಿರಲಿ. ಅದು ಮೊದಲೇ ಕೂತರೆ ಒಳಗಿನ ಕಮಾನುಗಳಿಗೆ ಚಿಮಟ ತೂರುವುದಿಲ್ಲ.