ಸ್ಯಾಂಪಲ್ ದೊಡ್ಡದಾದರೆ ಓದದೆ ಒತ್ತಿದ ಟಿಕ್‌ಗಳು ಸರಿಹೋಗುತ್ತವೆಯೇ?

ಪ್ರಶ್ನೆ: ವಿದ್ಯಾರ್ಥಿಗಳ ಸೆಲ್ಫ್ ಎಫಿಕಸಿ (‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ) ಬಗ್ಗೆ ಡಿಸರ್ಟೇಶನ್ ಮಾಡುತ್ತಿದ್ದೇನೆ. ಕೆಲವರು ಪ್ರಶ್ನಾವಳಿಯನ್ನು ಓದದೆಯೇ ಟಿಕ್ ಮಾಡಿದಂತಿದೆ. 400 ಮಂದಿ ಇದ್ದಾರಲ್ಲ, ಸರಿಹೋಗುತ್ತದೆ ಅಲ್ವಾ? (ಕೊಣಾಜೆಯಿಂದ)

ಇಲ್ಲ, ಸರಿಹೋಗುವುದಿಲ್ಲ. ಕೊಣಾಜೆಯಿಂದ ಮಣಿಪಾಲದವರೆಗೆ ಡಿಸರ್ಟೇಶನ್ ಹೊತ್ತಿಗೆ ಎದ್ದೇಳುವ ಪ್ರಶ್ನೆ ಇದು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಕಾರಣ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಬೇಕಾಬಿಟ್ಟಿ ಉತ್ತರಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಹೆಚ್ಚೆಂದರೆ ಸಂಬಂಧ ದುರ್ಬಲವಾಗಿ ಕಾಣುತ್ತದೆ ಎಂಬುದು ಹಳೆಯ ನಂಬಿಕೆ. ಸೆಲ್ಫ್ ಎಫಿಕಸಿ ಅಳೆಯುವ ಶ್ವಾರ್ಟ್ಸರ್–ಜೆರುಸಲೇಮ್ ಮಾಪಕದಲ್ಲಿ 10 ಹೇಳಿಕೆಗಳು, ಪ್ರತಿಯೊಂದಕ್ಕೆ 1ರಿಂದ 4 ಅಂಕ. ಓದಿ ಉತ್ತರಿಸಿದ 360 ಮಂದಿಯ ಒಟ್ಟು ಅಂಕಗಳ ಸರಾಸರಿ 32, ಎಸ್‌ಡಿ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 4 ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ಒತ್ತಿದ 40 ಮಂದಿಯದು 25ರ ಹತ್ತಿರ ಬರುತ್ತದೆ. ನಾಲ್ಕು ಆಯ್ಕೆಗಳ ನಡುಬಿಂದು 2.5 ತಾನೆ. ಅದೇ ಫಾರ್ಮ್‌ನಲ್ಲಿ ಲೈಬ್ರರಿ ತೃಪ್ತಿಯ ಇನ್ನೊಂದು 10 ಹೇಳಿಕೆಗಳಿವೆ, ಅಂಕ, ಸರಾಸರಿ, ಎಸ್‌ಡಿ ಎಲ್ಲವೂ ಹೀಗೆಯೇ ಎಂದುಕೊಳ್ಳಿ. ಓದಿದವರಲ್ಲಿ ಇವೆರಡಕ್ಕೂ ಸಂಬಂಧ ಸೊನ್ನೆ. ಆದರೆ ಓದದ 40 ಮಂದಿ ಎರಡರಲ್ಲೂ ಒಟ್ಟಿಗೇ ಕೆಳಗೆ ಕೂತಿರುತ್ತಾರೆ. ಎಲ್ಲರನ್ನೂ ಸೇರಿಸಿದಾಗ ಸಹಸಂಬಂಧ (0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ಣ ಸಂಬಂಧ) ಸುಮಾರು 0.22! 400 ಮಂದಿಗೆ 0.10 ದಾಟಿದರೇ ಸಿಗ್ನಿಫಿಕೆಂಟ್, ಅಂದರೆ ಬರೀ ಆಕಸ್ಮಿಕವೆಂದು ತಳ್ಳಿಹಾಕಲಾಗದ್ದು. 4000 ಮಂದಿಯನ್ನು ತಂದರೂ ಓದದವರು ಶೇ. 10 ಇರುವ ತನಕ ಆ 0.22 ಅಲುಗುವುದಿಲ್ಲ, ಪಿ-ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಂಕಿ ಆಕಸ್ಮಿಕವಾಗಿ ಬರುವ ಸಂಭವ) ಮಾತ್ರ ಇನ್ನೂ ಇಳಿಯುತ್ತದೆ. ಇಲ್ಲದ ಸಂಬಂಧವನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತೀರಿ, ಅಷ್ಟೇ.

‘ಆಲ್ಫಾ 0.9 ಬಂದಿದೆ’ ಎನ್ನಬೇಡಿ. ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ ಅದು. ಈ ಮಾಪಕದ ಹತ್ತೂ ಹೇಳಿಕೆಗಳು ಒಂದೇ ದಿಕ್ಕಿನವು. ಮೇಲಿಂದ ಕೆಳಗೆ ಒಂದೇ ಕಾಲಮ್ ಒತ್ತಿಕೊಂಡು ಹೋದವರು ಆಲ್ಫಾವನ್ನು ಏರಿಸುತ್ತಾರೆ.

ನಡುವೆ ‘ಇಲ್ಲಿ ಎರಡನೆಯದನ್ನೇ ಗುರುತಿಸಿ’ ಎಂಬ ಸಾಲು ಹಾಕಿ. ಹೇಳಿಕೆಗೆ 2 ಸೆಕೆಂಡಿಗಿಂತ ಕಡಿಮೆ ಸಮಯ ತೆಗೆದುಕೊಂಡವರನ್ನು ಅನುಮಾನಿಸಿ. ಗೂಗಲ್ ಫಾರ್ಮ್ ಸಲ್ಲಿಸಿದ ಹೊತ್ತನ್ನಷ್ಟೇ ದಾಖಲಿಸುತ್ತದೆ, ಪುಟದ ಸಮಯ ಬೇಕಿದ್ದರೆ ಬೇರೆ ಸಾಧನ ಹುಡುಕಿ. ಯಾರನ್ನು ಕೈಬಿಡುವುದು ಎಂಬ ನಿಯಮವನ್ನು ಡೇಟಾ ನೋಡುವ ಮೊದಲೇ ಬರೆದಿಡಿ. ಕೈಬಿಟ್ಟ ಮತ್ತು ಬಿಡದ ಎರಡೂ ಫಲಿತಾಂಶ ಕೊಡಿ.

ನೀವು ಕೇಳದ ಇನ್ನೊಂದು ಮಾತು: ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಕುಂದಾಪುರ ಕಡೆಯ ಪಿಯುಸಿ ಹುಡುಗಿಗೆ ಇಂಗ್ಲಿಷ್ ಫಾರ್ಮ್ ಕೊಟ್ಟರೆ, ಅರ್ಥವಾಗದೆ ಒತ್ತಿದ ಅವಳ ಉತ್ತರವೂ ಬೇಕಾಬಿಟ್ಟಿಯಂತೆಯೇ ಕಾಣುತ್ತದೆ. ಅವಳನ್ನು ಪಟ್ಟಿಯಿಂದ ತೆಗೆದರೆ ಸ್ಯಾಂಪಲ್ ಇಂಗ್ಲಿಷ್ ಮಾಧ್ಯಮದವರ ಕಡೆಗೆ ವಾಲುತ್ತದೆ. ಕನ್ನಡಕ್ಕೆ ಅನುವಾದಿಸಿ, ಮೂಲ ನೋಡದ ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಿ. ಆಮೇಲೆ ನಾಲ್ಕೈದು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರತಿ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಹೇಳಲು ಬಿಡಿ. ಅವರು ತಡವರಿಸಿದ ಹೇಳಿಕೆಗಳನ್ನು ಫಾರ್ಮ್ ಹಂಚುವ ಮುಂಚೆಯೇ ತಿದ್ದಿ.