ಅಣು ಸ್ಥಾವರದ ಕಸ ಹಟ್ಟಿ ಗಣಿಗೆ ಬರುತ್ತದೆಯೇ?

ಪ್ರಶ್ನೆ: ಹಟ್ಟಿ ಗಣಿಯ ಹಳೇ ಶಾಫ್ಟಿನಾಗ ಕೈಗಾದ ವಿಕಿರಣದ ಕಸ ತಂದು ಹೂಳ್ತಾರಂತ ಮಂದಿ ಅನ್ನಾಕತ್ತಾರ್ರಿ. ಖರೇ ಏನ್ರಿ? ಇಲ್ಲಾಂದ್ರ ಆ ಕಸ ಎಲ್ಲಿಗೆ ಹೋಗ್ತೈತಿ?
(ಲಿಂಗಸುಗೂರು ತಾಲ್ಲೂಕಿನ ಓದುಗರು)

ಉತ್ತರ: ಖರೇ ಅಲ್ಲ. ಹಟ್ಟಿ ಇಂದಿಗೂ ಚಿನ್ನ ತೆಗೆಯುತ್ತಿರುವ ಗಣಿ. ಅಣು ಕಸವನ್ನು ಆಳದಲ್ಲಿ ಹೂಳುವ ಉಗ್ರಾಣ ಭಾರತದಲ್ಲಿ ಇನ್ನೂ ಎಲ್ಲೂ ಇಲ್ಲ. ಸ್ಥಾವರದ ಕಸದಲ್ಲಿ ಬಹುಪಾಲು ಆವರಣ ದಾಟಿ ಹೊರಗೆ ಬರುವುದೂ ಇಲ್ಲ.

ಆ ಬಹುಪಾಲು ಅಂದರೆ ಕೈಗವಸು, ಬಟ್ಟೆ, ಪ್ಲಾಸ್ಟಿಕ್, ಫಿಲ್ಟರ್, ಬದಲಾಯಿಸಿದ ಪೈಪು, ನೀರು ಸೋಸಿ ಉಳಿದ ಕೆಸರು ಮತ್ತು ನೀರಿನ ಕಲ್ಮಶ ಹೀರುವ ರೆಸಿನ್ ಮಣಿಗಳು. ಮೊದಲ ಕೆಲಸ ವಿಂಗಡಣೆ. ಸುಡುವಂಥದ್ದನ್ನು ಹೊಗೆ ಸೋಸುವ ಕುಲುಮೆಯಲ್ಲಿ ಸುಟ್ಟು ಬೂದಿ ಮಾಡುತ್ತಾರೆ. ಒತ್ತಿದರೆ ಕುಗ್ಗುವಂಥದ್ದನ್ನು 200 ಲೀಟರಿನ ಉಕ್ಕಿನ ಡ್ರಮ್ಮಿನಲ್ಲಿ ಪ್ರೆಸ್ಸಿನಿಂದ ಅದುಮುತ್ತಾರೆ; ಡಾಂಬರು ಬರುತ್ತದಲ್ಲ, ಅದೇ ಅಳತೆಯ ಡ್ರಮ್ಮು. ಕೆಸರನ್ನು ಸಿಮೆಂಟಿಗೆ ಕಲಸಿ ಗಟ್ಟಿ ಮಾಡುತ್ತಾರೆ.

ಎಡವಟ್ಟಾಗುವುದು ಇಲ್ಲೇ. ರೆಸಿನ್ ಮಣಿ ನೀರು ಕುಡಿದು ಉಬ್ಬುತ್ತದೆ. ಅಳತೆ ಮೀರಿ ಸೇರಿಸಿದರೆ ಗಟ್ಟಿಯಾದ ಸಿಮೆಂಟನ್ನೂ ಒಳಗಿನಿಂದ ಸೀಳುತ್ತದೆ. ಅದಕ್ಕೇ ಅದನ್ನು ಹಲವೆಡೆ ಪಾಲಿಮರಿನಲ್ಲಿ ಬಂಧಿಸುತ್ತಾರೆ. ಸಿಮೆಂಟಿಗೆ ನೀರು ಹೆಚ್ಚಾದರೆ ಮೇಲೆ ನಿಂತು ಡ್ರಮ್ಮಿಗೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಡ್ರಮ್ಮನ್ನು ಅರೆಬರೆ ತುಂಬಿದರೆ ವರ್ಷಗಳ ಮೇಲೆ ಕುಸಿದು, ಅದನ್ನಿಟ್ಟ ಗುಂಡಿಯ ಮುಚ್ಚಳವೂ ಇಳಿದು ಮಳೆನೀರಿಗೆ ದಾರಿಯಾಗುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2014ರ ಫೆಬ್ರುವರಿಯಲ್ಲಿ ಅಣ್ವಸ್ತ್ರ ಪ್ರಯೋಗಾಲಯದ ಕಸವಿದ್ದ ಡ್ರಮ್ಮೊಂದು ನೆಲದಡಿ ಕಸ ಹೂಳುವ ಕೇಂದ್ರದಲ್ಲಿ ಬಿರಿಯಿತು. ತೇವ ಹೀರಲು ಮಣ್ಣಿನ ಪುಡಿ ಹಾಕುವ ಬದಲು ಗೋಧಿಯಿಂದ ಮಾಡಿದ ಪುಡಿ ಹಾಕಿದ್ದರು. ಅದು ನೈಟ್ರೇಟ್ ಲವಣದೊಡನೆ ಸೇರಿ ತಾನೇ ಕಾವೇರಿತು. ಇಡೀ ಕೇಂದ್ರ ಸುಮಾರು ಮೂರು ವರ್ಷ ಕಸ ತೆಗೆದುಕೊಳ್ಳಲಿಲ್ಲ.

ಡ್ರಮ್ಮಿನ ಮೈಮೇಲೆ ಮೀಟರು ಹಿಡಿದು ಅಳೆದ ಮೇಲೆ ಜಾಗ ಗೊತ್ತಾಗುತ್ತದೆ. ವಿಕಿರಣ ತೀರಾ ಕಡಿಮೆಯಿದ್ದರೆ ಕಲ್ಲು ಕಟ್ಟಿದ ಗುಂಡಿ, ಹೆಚ್ಚಿದ್ದರೆ ಕಾಂಕ್ರೀಟ್ ತೊಟ್ಟಿ, ಇನ್ನೂ ಹೆಚ್ಚಿದ್ದರೆ ಸುಮಾರು 4 ಮೀಟರ್ ಆಳದ, ಉಕ್ಕು-ಕಾಂಕ್ರೀಟಿನ ಕೊಳವೆ. ಇದಕ್ಕೆ ಟೈಲ್ ಹೋಲ್ ಅನ್ನುತ್ತಾರೆ. ಸುತ್ತ ಕೊಳವೆಬಾವಿ ಕೊರೆದು ಅಂತರ್ಜಲದ ಮಾದರಿ ತೆಗೆಯುತ್ತಿರುತ್ತಾರೆ. ಕಾವಲಿನ ಲೆಕ್ಕ 300 ವರ್ಷ. ಈ ಕಸದಲ್ಲಿ ಮುಖ್ಯವಾದ ವಿಕಿರಣ ವಸ್ತು ಸೀಸಿಯಂ-137 ಸುಮಾರು 30 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹತ್ತು ಸಲ ಅರ್ಧವಾದರೆ ಉಳಿಯುವುದು ಸಾವಿರದಲ್ಲೊಂದು ಪಾಲು.

ನಿಜವಾದ ತಲೆನೋವು ಉರಿದ ಇಂಧನ. ಅದನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಆರಿಸಿ, ಪುನರ್‌ಸಂಸ್ಕರಣೆಗೆ ಒಯ್ದು ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ಉಳಿದ ದ್ರವವನ್ನು ಸುಮಾರು 1000 ಡಿಗ್ರಿಯಲ್ಲಿ ಬೋರೋಸಿಲಿಕೇಟ್ ಗಾಜಿನೊಡನೆ ಕರಗಿಸಿ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗೆ ಹುಯ್ಯುತ್ತಾರೆ. ದ್ರವದಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಗಾಜಿನೊಡನೆ ಬೆರೆಯದೆ ಹಳದಿ ಪದರವಾಗಿ ಬೇರೆ ನಿಲ್ಲುತ್ತದೆ. ಆ ಪದರ ನೀರಿಗೆ ಕರಗುವುದರಿಂದ ಗಾಜಿನ ಪಾಕವನ್ನೇ ಬದಲಿಸಬೇಕಾಗುತ್ತದೆ. ಡಬ್ಬಿಗಳು ದಶಕಗಳ ಕಾಲ ಗಾಳಿಯಲ್ಲಿ ತಣಿಯಬೇಕು. ಮಹಾರಾಷ್ಟ್ರದ ತಾರಾಪುರದಲ್ಲಿ ಅಂಥ ಉಗ್ರಾಣವಿದೆ.

ಗಣಿಯ ಗುಲ್ಲು ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. ಕೋಲಾರದ ಗಣಿಯ ಕೈಬಿಟ್ಟ ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಕಾವಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ವಿದ್ಯುತ್ ಹೀಟರ್ ಇಟ್ಟು ಪರೀಕ್ಷಿಸಿದ್ದರು. ವಿಕಿರಣ ವಸ್ತು ಇರಲಿಲ್ಲ. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಮೊಕದ್ದಮೆಯ ನಡುವೆ, ಕಸ ಹೂಳುವ ಜಾಗವೆಂದು ಕೋಲಾರದ ಹೆಸರು ಬಂದು ಅಲ್ಲಿ ಪ್ರತಿಭಟನೆಯೂ ಆಯಿತು.

ಆದರೆ ಆಳವೊಂದಿದ್ದರೆ ಸಾಲದು. ಹಟ್ಟಿಯಲ್ಲಾಗಲಿ ಕೋಲಾರದಲ್ಲಾಗಲಿ ಚಿನ್ನ ಸಿಗುವುದೇ ಕೋಟ್ಯಂತರ ವರ್ಷಗಳ ಹಿಂದೆ ಬಂಡೆ ಬಿರಿದು ಬಿಸಿನೀರು ಹರಿದ ಸೀಳುಗಳಲ್ಲಿ. ಕಸಕ್ಕೆ ಬೇಕಾದದ್ದು ಬಿರುಕಿಲ್ಲದ ಬಂಡೆ. ಮೇಲಾಗಿ ಗಣಿಯನ್ನು ಒಣಗಿಸಿಡುವುದು ಪಂಪು: 2001ರಲ್ಲಿ ಕೋಲಾರದ ಗಣಿ ಮುಚ್ಚಿ ಪಂಪ್ ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಜರ್ಮನಿಯ ಆಸ್ಸೆ ಎಂಬ ಹಳೇ ಉಪ್ಪಿನ ಗಣಿಗೆ 1967ರಿಂದ 1978ರವರೆಗೆ ಸುಮಾರು 1.26 ಲಕ್ಷ ಡ್ರಮ್ ಇಳಿಸಿದರು. ಆಮೇಲೆ ನೀರು ನುಗ್ಗಿತು. ಈಗ ಅಷ್ಟನ್ನೂ ಮೇಲೆತ್ತಬೇಕೆಂದು ಕಾನೂನೇ ಮಾಡಿದ್ದಾರೆ. ಫಿನ್ಲೆಂಡಿನವರು ಹಳೇ ಗಣಿಯ ಗೊಡವೆಗೇ ಹೋಗದೆ, 400 ಮೀಟರಿಗೂ ಆಳಕ್ಕೆ ಗಟ್ಟಿ ಬಂಡೆಯಲ್ಲಿ ಹೊಸದಾಗಿಯೇ ಕೊರೆದರು.

ಇನ್ನು ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಮೂರು ರೆಕ್ಕೆಯ ಗುರುತಿನ ಪೆಟ್ಟಿಗೆ ಹೊತ್ತ ಗಾಡಿ ಕಂಡರೆ, ಬೆಸುಗೆ ಪರೀಕ್ಷಿಸಲು ಬಳಸುವ ವಿಕಿರಣ ವಸ್ತು ಇರಿಡಿಯಂ-192 ಇರಬಹುದು; ಅದು ಸ್ಥಾವರದ ಕಸವಲ್ಲ. ಅಂಥ ಪೆಟ್ಟಿಗೆ ಗುಜರಿಯಲ್ಲಿ ಸಿಕ್ಕರೆ ಮಾತ್ರ ಎಚ್ಚರ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಕೋಬಾಲ್ಟ್-60 ಒಬ್ಬರ ಜೀವ ತೆಗೆಯಿತು. ಬಿಚ್ಚಬೇಡಿ, ಜಜ್ಜಬೇಡಿ, ಜನರನ್ನು ದೂರ ಸರಿಸಿ 112ಕ್ಕೆ ಕರೆ ಮಾಡಿ.